ಖಾಲಾನ ಕಂಪ್ಯೂಟರಿನ ಕುಪ್ಪಸಗಳು

ನಮ್ಮ ಓಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಕತೆ ಒಂದೇ. ಸಿಂಧನೂರಿನ ಯಾವುದೋ ಎಂಬ್ರಾಯ್ಡರಿ ಅಂಗಡಿಯವರಿಗೆ ನಮ್ಮ ಖಾಲಾನ ಹೆಸರು ಕೇಳಿ ಹೊಟ್ಟೆ ಉರಿಯಿತಂತೆ. ಒಬ್ಬ ಹ್ಯಾಕರನನ್ನು ಹಿಡಿದರಂತೆ. ಅವನು ಅಲ್ಲೇ ಕೂತು ಒಂದು ಗುಂಡಿ ಒತ್ತಿದನಂತೆ, ಇಲ್ಲಿ ಮಸ್ಕಿಯಲ್ಲಿ ಖಾಲಾನ ಕಂಪ್ಯೂಟರಿನೊಳಗಿದ್ದ ಕುಪ್ಪಸದ ಡಿಸೈನುಗಳೆಲ್ಲ ಮಾಯವಾದವಂತೆ. ಮೊದಮೊದಲು ಹ್ಯಾಕರ್ ಅಂದರೆ ಬರೀ ಹ್ಯಾಕರ್ ಆಗಿದ್ದ. ಈಚೆಗೆ ಅವನಿಗೆ ಕನ್ನಡಕ ಬಂದಿದೆ, ಹೈದರಾಬಾದಿನಲ್ಲಿ ಟ್ರೇನಿಂಗ್ ಆಗಿದೆ. ಇನ್ನೊಂದು ವರ್ಷ ಬಿಟ್ಟರೆ ಅವನ ಮದುವೆಯೂ ಆದೀತು.

ನಾನು ಈ ಕತೆಯನ್ನು ಮೊದಲ ದಿನವೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಕಾಲೇಜಿನ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತಾಡಿದವಳು ನಾನು. ಯಾರಾದರೂ ಕತೆ ಹೇಳಿದರೆ ಅದರ ಯಾವ ಮೆಟ್ಟಿಲು ಸಡಿಲ ಎಂದು ತುಳಿದು ನೋಡುವ ಚಾಳಿ ಹೋಗಿಲ್ಲ. ಈ ಕತೆಗೆ ಮೊದಲ ಮೆಟ್ಟಿಲೇ ಇರಲಿಲ್ಲ: ಖಾಲಾನ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ. ಯಾವತ್ತೂ ಇರಲಿಲ್ಲ. ನಳದ ಹತ್ತಿರ ನಿಂತಿದ್ದವರ ಮುಂದೆ ಇದನ್ನೇ ಹೇಳಿದೆ.

“ನೆಟ್ ಇಲ್ಲದ ಕಂಪ್ಯೂಟರಿಗೆ ಸಿಂಧನೂರಿಂದ ವೈರಸ್ ಬರಬೇಕಂದ್ರ ಬಸ್ ಹತ್ತಿ ಬರಬೇಕು ನೋಡ್ರಿ.”

“ಹೆಂಗಸರಿಗೆ ಬಸ್ ಫ್ರೀ ಐತೆಲ್ಲಬೇ, ಬಂದಿರಬೇಕು ಬಿಡು,” ಅಂದಳು ಎದುರು ಮನೆಯ ಅಜ್ಜಿ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗಿನ್ನೂ ನಗಬಹುದಿತ್ತು.

ಖಾಲಾ ಅಂದರೆ ಚಿಕ್ಕಮ್ಮ, ಆದರೆ ಆಕೆ ನನಗೆ ರಕ್ತಸಂಬಂಧಿಯಲ್ಲ, ಗೋಡೆಯ ಸಂಬಂಧಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ನಾನು ಹುಟ್ಟುವ ಮೊದಲಿನಿಂದಲೂ ಆಕೆ ಅದರ ಆಚೆ ಇದ್ದಾಳೆ. ನಮ್ಮೊಡನೆ ಕನ್ನಡ, ತನ್ನವರೊಡನೆ ದಖನಿ ಉರ್ದು, ಕಂಪ್ಯೂಟರಿನೊಡನೆ ಎರಡೂ ಮಾತಾಡುತ್ತಾಳೆ; ಬೈಯಲು ದಖನಿ, ರಮಿಸಲು ಕನ್ನಡ. ಮುಂದಿನ ಕೋಣೆಯಲ್ಲಿ ಒಂದು ಎಂಬ್ರಾಯ್ಡರಿ ಮಷಿನ್ನು, ಪಕ್ಕದಲ್ಲಿ ಒಂದು ಹಳೆಯ ಕಂಪ್ಯೂಟರು. ಮೌಸ್ ಹಿಡಿದು ಪರದೆಯ ಮೇಲೆ ಬಳ್ಳಿ, ಹೂವು, ಹಕ್ಕಿ ಬಿಡಿಸುತ್ತಾಳೆ. ಅದನ್ನು ಪೆನ್‌ಡ್ರೈವಿಗೆ ಹಾಕಿ ಮಷಿನ್ನಿಗೆ ಚುಚ್ಚುತ್ತಾಳೆ. ಸೂಜಿ ತಾನೇ ಓಡಾಡಿ ಕುಪ್ಪಸದ ತೋಳಿನ ಮೇಲೆ ಅದೇ ಬಳ್ಳಿಯನ್ನು ಹಬ್ಬಿಸುತ್ತದೆ. ಹೆಚ್ಚಾಗಿ ಮದುಮಗಳ ಕುಪ್ಪಸಗಳು. ಸುತ್ತಲ ಊರುಗಳಿಂದ ಹುಡುಗಿಯರು ತಾಯಂದಿರನ್ನು ಕರೆದುಕೊಂಡು ಈ ಕೋಣೆಗೆ ಬರುತ್ತಾರೆ.

ಅವರು ಬರುವುದು ಬರೀ ಹೂವಿಗಲ್ಲ. ಹೂವು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಖಾಲಾ ಪರದೆ ಎಳೆದು, ಟೇಪು ಹಿಡಿದು, ಅಳತೆ ತೆಗೆಯುವ ಮುಂಚೆ ಪ್ರತಿ ಹುಡುಗಿಗೂ ಒಂದು ಮಾತು ಹೇಳುತ್ತಾಳೆ. ಗೋಡೆಯ ಈಚೆ ಕೂತು ನಾನು ಅದನ್ನು ಎಷ್ಟು ಸಲ ಕೇಳಿದ್ದೇನೋ.

“ನಿನ್ನ ಡಿಸೈನ್ ಇನ್ನೊಬ್ಬಾಕಿ ಮೈಮ್ಯಾಲೆ ಹೋಗಂಗಿಲ್ಲ. ನಿನ್ನ ಅಳತಿ ಈ ಮನಿ ಬಿಟ್ಟು ಹೊರಗ ಹೋಗಂಗಿಲ್ಲ. ಜಬಾನ್ ಕೊಟ್ಟೀನಿ.”

ಆ ಮಾತಿಗಾಗಿ ಬರುತ್ತಾರೆ. ಯಾರ ಒಂದು ಭುಜ ಇನ್ನೊಂದಕ್ಕಿಂತ ತಗ್ಗು, ಯಾರಿಗೆ ಎಲ್ಲಿ ಒಳಗಿನಿಂದ ಹತ್ತಿ ಇಡಬೇಕು, ಯಾರ ಬೆನ್ನಿನ ಮೇಲೆ ಸುಟ್ಟ ಕಲೆ ಇದೆಯೆಂದು ಕುತ್ತಿಗೆಯ ಆಳ ಕಡಿಮೆ ಮಾಡಬೇಕು ಎಂಬುದೆಲ್ಲ ಖಾಲಾಗೆ ಗೊತ್ತು, ಖಾಲಾನ ಕಂಪ್ಯೂಟರಿಗೆ ಗೊತ್ತು. ಒಬ್ಬೊಬ್ಬಳಿಗೆ ಒಂದೊಂದು ಫೋಲ್ಡರ್. ಅದರ ಮೇಲೆ ಊರು ಮತ್ತು ಹೆಸರು. ಒಳಗೆ ತೋಳಿನ ಡಿಸೈನು, ಬೆನ್ನಿನ ಡಿಸೈನು, ಅಳತೆಯ ಹಾಳೆ. ಹೊಸ ಹುಡುಗಿ ಬಂದಾಗ ಹಳೆಯವನ್ನೆಲ್ಲ ತೆರೆದು ನೋಡಿ, ಯಾವುದೂ ಮತ್ತೆ ಬರದ ಹಾಗೆ ಹೊಸದು ಬಿಡಿಸುವುದು ಆಕೆಯ ಪದ್ಧತಿ.

ಇಷ್ಟೆಲ್ಲವನ್ನು ಕಾಯುತ್ತಿದ್ದ ಆ ಕಂಪ್ಯೂಟರಿನ ಭದ್ರತೆಯ ಬಗ್ಗೆ ಹೇಳದಿರುವುದೇ ಲೇಸು. ದಿನಾ ಬೆಳಿಗ್ಗೆ ಪರದೆಯ ಮೂಲೆಯಲ್ಲಿ ಒಂದು ಡಬ್ಬಿ ಮೂಡಿ ಆ್ಯಂಟಿವೈರಸ್‌ನ ಅವಧಿ ಮುಗಿದಿದೆ ಎಂದು ಗೋಳಾಡುತ್ತಿತ್ತು. “ಇದು ರೋಜು ಬಂದು ಕೈ ಚಾಚತೈತಿ ಬೇ. ‘ಮಾಫ್ ಕರೋ ಬಾಬಾ’ ಅಂದು ಮುಚ್ಚಿಬಿಡ್ತೀನಿ,” ಅನ್ನುತ್ತಿದ್ದಳು ಖಾಲಾ. ಒಳಗಿನ ವಿಂಡೋಸ್ ಅಸಲಿಯೋ ನಕಲಿಯೋ ಎಂದು ಒಮ್ಮೆ ನಾನು ಕೇಳಿದ್ದೆ. “ಹೊಲಿಗಿ ಅಸಲಿ ಐತಿಲ್ಲೋ? ಅಷ್ಟು ನೋಡು,” ಅಂದಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಗೋಡೆಯ ಆಚೆಯಿಂದ ಮೂರು ಸಲ ಬಡಿದ ಸದ್ದಾಯಿತು. ಒಂದು ಸಲ ಬಡಿದರೆ ‘ಇದ್ದೀಯೇನು’ ಎಂದರ್ಥ, ಎರಡಕ್ಕೆ ‘ಚಹಾ ಆಗೇತಿ’. ಮೂರು ಅಪರೂಪ. ಹೋಗಿ ನೋಡಿದರೆ ಖಾಲಾ ಕೈಕಟ್ಟಿ ಕಂಪ್ಯೂಟರಿನ ಮುಂದೆ ಕೂತಿದ್ದಳು, ಮುನಿಸಿಕೊಂಡ ನೆಂಟರ ಮುಂದೆ ಕೂತ ಹಾಗೆ.

“ಎಲ್ಲಾದಕ್ಕೂ ಬಾಣ ಹೊಡದಾರ ನೋಡಲ್ಲಿ.”

ನಿಜ. ಪ್ರತಿ ಫೋಲ್ಡರಿನ ಮೂಲೆಯಲ್ಲೂ ಒಂದು ಪುಟ್ಟ ಡೊಂಕು ಬಾಣ ಕೂತಿತ್ತು. ಯಾವುದನ್ನು ಒತ್ತಿದರೂ ತೆರೆಯದು. ಇಂಗ್ಲಿಷಿನಲ್ಲಿ ಏನೋ ಸಿಗುತ್ತಿಲ್ಲ ಎಂದು ಹೇಳಿ ಸುಮ್ಮನಾಗುವುದು. ಹೆಸರುಗಳಿದ್ದವು, ಒಳಗಿನದ್ದು ಇರಲಿಲ್ಲ.

“ಐತ್ವಾರ ಬಳಗಾನೂರಿಂದ ಮದುಮಗಳು ಬರಾಕತ್ಯಾಳ,” ಅಂದಳು ಖಾಲಾ. “ಅದೇ ಊರಿಗೆ ಹೋದ ವರ್ಷ ಎರಡು ಕೊಟ್ಟೀನಿ. ಒಂದು ನವಿಲು. ಇನ್ನೊಂದೇನು? ನೆನಪೇ ಆಗವಲ್ದು. ಮೂರನೇದಾಕಿಗೆ ಅದನ್ನ ಕೊಟ್ಟುಬಿಟ್ರ?”

“ಹೊಸಾದು ಬಿಡಿಸು ಖಾಲಾ. ಅದಕ್ಕ ಹಳೇದು ಯಾಕ ಬೇಕು?”

“ಹೊಸಾದು ಅಂತ ಹೆಂಗ ಗೊತ್ತಾಗಬೇಕು? ಕೈ ರೂಢಿ ಇದ್ದ ಕಡೇನ ಹೋಗ್ತೈತಿ ಬೇಟಿ.”

ಮಧ್ಯಾಹ್ನದೊಳಗೆ ಓಣಿಯ ತೀರ್ಪು ಬಂದಿತ್ತು: ಸಿಂಧನೂರು, ಹ್ಯಾಕರ್. ಸಂಜೆಗೆ ಬಸ್ ನಿಲ್ದಾಣದ ಹತ್ತಿರ ರಿಪೇರಿ ಅಂಗಡಿ ಇಟ್ಟವರನ್ನು ಖಾಲಾ ಕರೆಸಿದಳು. ಅವರು ಬಂದರು, ಎರಡು ಸಲ ಒತ್ತಿದರು, ನಾಡಿ ಹಿಡಿದ ವೈದ್ಯರಂತೆ ಕಣ್ಣು ಮುಚ್ಚಿ ತೆರೆದರು.

“ಫಾರ್ಮ್ಯಾಟ್ ಹೊಡಿಬೇಕ್ರಿ.”

ನಮ್ಮ ಭಾಗದಲ್ಲಿ ಕಂಪ್ಯೂಟರಿಗೆ ಬರುವ ಎಲ್ಲ ಕಾಯಿಲೆಗೂ ಈ ಒಂದೇ ಮದ್ದು. ನಿಧಾನವಾದರೆ ಫಾರ್ಮ್ಯಾಟು, ಸದ್ದು ಬರದಿದ್ದರೆ ಫಾರ್ಮ್ಯಾಟು, ಬಿಸಿಯಾದರೆ ಫಾರ್ಮ್ಯಾಟು. ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡುವುದು. ನನಗೆ ತಡೆಯಲಾಗಲಿಲ್ಲ.

“ಫಾರ್ಮ್ಯಾಟ್ ಹೊಡದ್ರ ಡಿಸೈನ್ ಉಳಿತಾವೇನ್ರಿ ಅಣ್ಣಾರ?”

“ಅವು ಆಗ್ಲೇ ಹೋಗ್ಯಾವಲ್ರಿ ಅಕ್ಕಾರ. ಹೋದದ್ದು ಮತ್ತೊಮ್ಮೆ ಹೋಗಂಗಿಲ್ಲ.”

ವಾದ ಚೆನ್ನಾಗಿತ್ತು, ಒಪ್ಪಬೇಕು. ಆದರೆ ಅದರ ತಳಪಾಯವೇ ನನಗೆ ಅನುಮಾನ ತಂದಿತು.

“ಹೋಗಿದ್ರ ಜಾಗ ಖಾಲಿ ಆಗಬೇಕಿತ್ತಲ್ರಿ? ಇಲ್ಲಿ ನೋಡ್ರಿ, ಡಿ ಡ್ರೈವ್ ಕೆಂಪಗ ಆಗೇತಿ. ತುಂಬೇತಿ. ಏನು ತುಂಬೇತಿ ಅದರಾಗ?”

ಅವರು ನೋಡಿದರು. ತಲೆ ಕೆರೆದುಕೊಂಡರು. “ವೈರಸ್ ತುಂಬಿರಬೇಕ್ರಿ.”

“ಇಷ್ಟು ದಪ್ಪ ವೈರಸ್ಸಾ?”

“ಕೆಲವೊಂದು ಇರ್ತಾವ್ರಿ.” ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವೇನು ಓದೀರಿ ಅಕ್ಕಾರ?”

“ಬಿ.ಎ.”

“ಮತ್ತ!” ಅಂದು ಅವರು ಖಾಲಾನ ಕಡೆ ತಿರುಗಿ ಗೆದ್ದವರಂತೆ ಕೈ ಅಗಲಿಸಿದರು.

ಚರ್ಚಾಸ್ಪರ್ಧೆಯಲ್ಲಾಗಿದ್ದರೆ ವಾದ ಬಿಟ್ಟು ವ್ಯಕ್ತಿಯ ಮೇಲೆ ಹೋದದ್ದಕ್ಕೆ ಅಂಕ ಕಳೆಯುತ್ತಿದ್ದರು. ಇಲ್ಲಿ ತೀರ್ಪುಗಾರ್ತಿ ಖಾಲಾ. ಆಕೆ ಇಬ್ಬರನ್ನೂ ನೋಡಿದಳು, ಕೆಂಪು ಪಟ್ಟಿಯನ್ನು ನೋಡಿದಳು. “ಇಕಿ ಬಾಯಿ ಜೋರು ಐತಿ ಖರೆ. ಆದ್ರ ಕೆಂಪು ಪಟ್ಟಿ ನನಗೂ ಕಾಣಾಕತ್ತೈತಿ. ಒಂದು ದಿನ ಬಿಡ್ರಿ ಭಾಯ್.”

ಆ ಒಂದು ದಿನ ಸಿಕ್ಕಿದ್ದೇ ನಾನು ಲಿಂಗಸುಗೂರಿಗೆ ಫೋನ್ ಮಾಡಿದೆ. ಅಲ್ಲಿ ನನ್ನ ಕಾಲೇಜು ಗೆಳತಿ ಇದ್ದಾಳೆ. ಗೆಳತಿ ಅನ್ನುವುದಕ್ಕಿಂತ ಖಾಯಂ ಎದುರಾಳಿ. ನಾನು ಪರ ಅಂದರೆ ಅವಳು ವಿರೋಧ. ಗಂಟೆ ಬಾರಿಸುವ ಮೊದಲೇ ನನ್ನ ಮಾತಿಗೆ ಉತ್ತರ ಕೊಡುವ ಏಕೈಕ ವ್ಯಕ್ತಿ. ಈಗ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಾಳೆ. “ತಗೊಂಡು ಬಾ, ಮುಟ್ಟಬ್ಯಾಡ, ಫಾರ್ಮ್ಯಾಟ್ ಹೊಡ್ಯಾಕ ಕೊಟ್ಟೀ ಅಂದ್ರ ನಿನ್ನ ಕೊಲ್ತೀನಿ,” ಅಂದಳು. ಮೂರೂ ಸೂಚನೆಗಳಲ್ಲಿ ಮೊದಲ ಸಲ ನಮ್ಮಿಬ್ಬರದು ಒಮ್ಮತ.

ಬುಧವಾರ ಖಾಲಾ ಸಿಪಿಯುಗೆ ಹಳೆಯ ಚಾದರ ಸುತ್ತಿ, ಗಂಟು ಹಾಕಿ, ನನ್ನ ತೊಡೆಯ ಮೇಲೆ ಇಟ್ಟೇ ಬಸ್ಸಿನಿಂದ ಇಳಿದಳು. ಕಂಡಕ್ಟರ್ ಗಂಟನ್ನು ನೋಡಿದ.

“ಒಳಗೇನೈತ್ರಿ?”

“ಬ್ಲೌಸ್.”

ಅವನು ಬೆರಳಿನಿಂದ ಟಕ್ ಟಕ್ ಎಂದು ಬಡಿದು ನೋಡಿದ. “ಗಂಜಿ ಜಾಸ್ತಿ ಹಾಕ್ಯಾರ ಬಿಡ್ರಿ.”

ಪಕ್ಕದಲ್ಲಿ ಕೂತಿದ್ದ ಸಂತೆಕಲ್ಲೂರಿನ ಹೆಂಗಸು ದಾರಿಯುದ್ದಕ್ಕೂ ಗಂಟಿಗೆ ಕೈ ಆನಿಸಿ ಹಿಡಿದುಕೊಂಡಳು, ಅದು ಯಾರದೋ ಕೂಸು ಎಂಬಂತೆ. ಇಳಿಯುವಾಗ, “ಹುಷಾರಾಗಲಿ,” ಅಂದಳು.

ಗೆಳತಿ ಅದನ್ನು ತನ್ನ ಮನೆಯಲ್ಲೇ ಮೇಜಿನ ಮೇಲೆ ಇಟ್ಟು ವೈರು ಚುಚ್ಚಿದಳು. ಸೆಟ್ಟಿಂಗಿನಲ್ಲಿ ಎಲ್ಲಿಯೋ ಹೋಗಿ, ಬಚ್ಚಿಟ್ಟದ್ದನ್ನು ತೋರಿಸು ಎಂಬ ಆಯ್ಕೆಗೆ ಗುರುತು ಹಾಕಿದಳು. ಬಾಣಗಳ ನಡುವೆ ಮಸುಕು ಬಣ್ಣದ ಫೋಲ್ಡರುಗಳು ಒಂದೊಂದಾಗಿ ಕಾಣಿಸಿಕೊಂಡವು, ಸೆರಗಿನ ಮರೆಯಲ್ಲಿ ನಿಂತಿದ್ದವರು ಈಚೆ ಬಂದಂತೆ.

“ಲೇ, ಹೋಗಿಲ್ಲ ಇವು. ಬಚ್ಚಿಟ್ಟು, ಮುಂದ ತನ್ನ ಬಾಣ ನಿಲ್ಲಿಸೇತಿ ಅಷ್ಟ. ಮಂದಿ ಎಲ್ಲಾ ಹೋತು ಅಂತ ತಿಳಕೊಂಡು ತಾವ ಅಳಿಸಿಬಿಡ್ತಾರ.”

ಕಪ್ಪು ಕಿಟಕಿಯೊಂದನ್ನು ತೆರೆದು ಒಂದು ಸಾಲು ಬರೆದಳು. ಮಸುಕು ಹೋಗಿ ಫೋಲ್ಡರುಗಳು ಹಳದಿಯಾದವು. ಬಾಣಗಳನ್ನು ತೆಗೆದಳು, ಹೊಸ ಆ್ಯಂಟಿವೈರಸ್ ಹಾಕಿ ಓಡಿಸಿದಳು, ಅದು ಓಡುತ್ತಿರುವಾಗ ಮಿರ್ಚಿ ತರಿಸಿದಳು. ನಾನು ಮಿರ್ಚಿ ತಿನ್ನುತ್ತ ಸಿಂಧನೂರಿನ ಹ್ಯಾಕರನ ಕತೆಯನ್ನು ಎಳೆಎಳೆಯಾಗಿ ಬಿಡಿಸಿ, ಓಣಿಯವರ ಬುದ್ಧಿಯ ಬಗ್ಗೆ ಒಂದು ಪುಟ್ಟ ಭಾಷಣ ಮಾಡಿದೆ.

“ಹಂಗಾದ್ರ ಹೆಂಗ ಬಂತು?” ಅಂದಳು ಗೆಳತಿ. “ನೆಟ್ ಇಲ್ಲಂದ್ರ ಪೆನ್‌ಡ್ರೈವಿಂದನ ಬಂದಿರಬೇಕು. ಬಾಣ ಹುಟ್ಟಿದ ತಾರೀಖು ನೋಡೂಣು ತಡಿ. ನಾ ತೆಗೆಯೂಕ್ಕಿಂತ ಮೊದಲು ಬರಕೊಂಡೀನಿ.” ಚೀಟಿ ನೋಡಿದಳು. “ಎಲ್ಲಾದಕ್ಕಿಂತ ಮೊದಲನೇದು, ಹೋದ ಐತ್ವಾರ ಮಧ್ಯಾಹ್ನ. ಆಗ ಪೆನ್‌ಡ್ರೈವಿನ್ಯಾಗಿಂದ ತೆಗೆದ ಫೋಲ್ಡರಿನ ಹೆಸರು ‘ಹಾಡು’.”

ಕಚ್ಚಿದ ಮಿರ್ಚಿಯನ್ನು ತಟ್ಟೆಗೆ ವಾಪಸ್ಸಿಟ್ಟೆ.

ಅದಕ್ಕೂ ಹಿಂದಿನ ದಿನ, ಶನಿವಾರ, ನಾನು ಸಿಂಧನೂರಿಗೆ ಹೋಗಿದ್ದೆ. ಒಂದು ಕೆಲಸದ ಅರ್ಜಿಯನ್ನು ಬಣ್ಣದಲ್ಲಿ ಪ್ರಿಂಟ್ ತೆಗೆಸಬೇಕಿತ್ತು. ಮಸ್ಕಿಯಲ್ಲಿ ನನಗೆ ಗೊತ್ತಿದ್ದ ಅಂಗಡಿಯ ಪ್ರಿಂಟರ್ ಕೆಟ್ಟಿತ್ತು. ನನ್ನ ಪೆನ್‌ಡ್ರೈವ್ ಎಲ್ಲೋ ಕಳೆದಿತ್ತು, ಖಾಲಾನ ಎರಡನೆಯದನ್ನು ಕೇಳಿ ಒಯ್ದಿದ್ದೆ. ಝೆರಾಕ್ಸ್ ಅಂಗಡಿಯಲ್ಲಿ ಪಾಳಿ. ಊರಿನ ಪೆನ್‌ಡ್ರೈವುಗಳೆಲ್ಲ ಒಂದೇ ಕಂಪ್ಯೂಟರಿನ ಒಂದೇ ತೂತಿಗೆ ಹೋಗಿ ಬರುತ್ತಿದ್ದವು. ನನ್ನ ಪಾಳಿ ಬಂದಾಗ ಅವ್ವನ ಫೋನ್ ಬಂತು.

“ಬರೂವಾಗ ಟೊಮ್ಯಾಟೊ ತಾ. ಮತ್ತ ಖಾಲಾನ ಅದು ಏನೋ ಒಯ್ದೀಯಲ್ಲ, ಬರಿದ ಕೊಡಬ್ಯಾಡ.”

“ಅದು ಡಬ್ಬಿ ಅಲ್ಲವ್ವ. ಪೆನ್‌ಡ್ರೈವ್.”

“ಏನರ ಆಗ್ಲಿ. ಮಂದಿ ಮನಿ ವಸ್ತು ಬರಿದ ಹೊಳ್ಳಿ ಹೋಗಬಾರದು.”

ಗೋಡೆಯ ಆಚೀಚೆ ಓಡಾಡುವ ಡಬ್ಬಿಗಳ ನಿಯಮ ಇದು. ಖಾಲಾ ಬಿರಿಯಾನಿ ಕಳಿಸಿದರೆ ಡಬ್ಬಿ ಶೇಂಗಾ ಉಂಡಿಯೊಡನೆ ಮರಳುತ್ತದೆ. ಏನೂ ಇಲ್ಲದ ದಿನ ಒಂದು ಚಮಚ ಸಕ್ಕರೆಯಾದರೂ ಇರಬೇಕು. ಈ ನಿಯಮದ ವಿರುದ್ಧ ನಾನು ಹಲವಾರು ಸಲ ಮಾತಾಡಿದ್ದೇನೆ, ಸಕ್ಕರೆ ತುಂಬಿದ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ. ಅವತ್ತೂ ಅಷ್ಟೇ. ಅವ್ವನೊಡನೆ ವಾದ ಮಾಡಿ ಮುಗಿಸಿ, ಅಂಗಡಿಯವನಿಗೆ, “ಹಳೇ ಹಿಂದಿ ಹಾಡು ಇದ್ರ ಒಂದಿಷ್ಟು ಹಾಕ್ರಿ,” ಅಂದೆ. ಅವನು ಒಂದು ಫೋಲ್ಡರ್ ಮಾಡಿ ತುಂಬಿಕೊಟ್ಟ. ಭಾನುವಾರ ಬೆಳಿಗ್ಗೆ ಖಾಲಾಗೆ ಕೊಟ್ಟೆ. ಕೊಟ್ಟದ್ದನ್ನು ಮುಚ್ಚಿಟ್ಟರೆ ಕೊಟ್ಟವರಿಗೆ ಬೇಸರವಾಗುತ್ತದೆಂದು ಆಕೆ ಅವತ್ತೇ ಮಧ್ಯಾಹ್ನ ತೆರೆದಿದ್ದಳು.

ಅಂದರೆ ವೈರಸ್ ಸಿಂಧನೂರಿನಿಂದಲೇ ಬಂದಿತ್ತು. ಬಸ್ಸಿನಲ್ಲೇ ಬಂದಿತ್ತು. ಎದುರು ಮನೆಯ ಅಜ್ಜಿ ಹೇಳಿದ ಹಾಗೆ ಟಿಕೆಟ್ಟೂ ಫ್ರೀ. ಓಣಿಯವರು ಊರನ್ನು ಸರಿಯಾಗಿಯೇ ಹೇಳಿದ್ದರು, ಹೊತ್ತು ತಂದವಳು ಯಾರೆಂಬುದರಲ್ಲಷ್ಟೇ ತಪ್ಪಿದ್ದರು.

ಗೆಳತಿ ನಕ್ಕ ನಗು ನಾನು ಸೋತ ಯಾವ ಸ್ಪರ್ಧೆಯಲ್ಲೂ ಕೇಳಿರಲಿಲ್ಲ. ಕಣ್ಣೊರೆಸಿಕೊಂಡು ಕೇಳಿದಳು: “ಇವುಗಳದ್ದು ಇನ್ನೊಂದು ಕಾಪಿ ಎಲ್ಲೈತಿ?”

“ಎಲ್ಲೂ ಇಲ್ಲ.”

“ಎಲ್ಲೂ ಇಲ್ಲ? ಇಷ್ಟು ವರ್ಷದ ಕೆಲಸ, ಒಂದೇ ಕಾಪಿ? ಈ ಡಬ್ಬಿ ಇವತ್ತ ಬಸ್ಸಿನ್ಯಾಗ ಬಿದ್ದಿದ್ರ?”

ಮಾತು ನೂರಕ್ಕೆ ನೂರು ಸರಿ. ಅವಳು ಎಲ್ಲ ಫೋಲ್ಡರುಗಳನ್ನೂ ತನ್ನ ಕಂಪ್ಯೂಟರಿಗೆ ನಕಲು ಮಾಡಿಟ್ಟುಕೊಂಡಳು. ಹಸಿರು ಪಟ್ಟಿ ತುಂಬುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಇನ್ನು ಭಯವಿಲ್ಲ ಅನ್ನಿಸಿತು. ಖಾಲಾಗೆ ಒಂದು ಫೋನ್ ಮಾಡಿ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಕೇಳುವುದೇನಿದೆ ಅದರಲ್ಲಿ, ಒಳ್ಳೆಯ ಕೆಲಸ ತಾನೇ?

ಸಂಜೆ ಗಂಟು ಬಿಚ್ಚಿ ವೈರು ಚುಚ್ಚಿ ತೋರಿಸಿದಾಗ ಖಾಲಾ ಮೊದಲು ತೆರೆದದ್ದು ಬಳಗಾನೂರಿನ ಎರಡನೆಯ ಫೋಲ್ಡರನ್ನು. ದಾಳಿಂಬೆ ಹೂವು. ಆಕೆ ಮಷಿನ್ನಿನ ಕೆಳಗಿನಿಂದ ಒಂದು ಹಾಳೆ ಎಳೆದು ನನ್ನ ಮುಂದೆ ಹಿಡಿದಳು. ಹೊಸ ಮದುಮಗಳಿಗೆಂದು ಅವತ್ತು ಮಧ್ಯಾಹ್ನ ಪೆನ್ಸಿಲಿನಲ್ಲಿ ಬಿಡಿಸಿದ್ದು. ಅದೂ ದಾಳಿಂಬೆ ಹೂವೇ, ಅದೇ ಬಾಗು, ಅದೇ ಎಸಳು.

“ಹೇಳಿದ್ನಿಲ್ಲೋ? ಕೈ ರೂಢಿ.” ಹಾಳೆಯನ್ನು ಹರಿದಳು. “ಬದುಕಿದೆ ನೋಡು ಬೇಟಿ.”

ಇದೇ ಸಮಯ ಎಂದುಕೊಂಡು ನಾನು ತಪ್ಪೊಪ್ಪಿಕೊಂಡೆ. ಸುಮ್ಮನೆ ಅಲ್ಲ, ತಾರೀಖು, ಅಂಗಡಿ, ಫೋಲ್ಡರಿನ ಹೆಸರು, ಅವ್ವನ ಫೋನು, ಎಲ್ಲ ಪುರಾವೆಯ ಸಮೇತ. ಖಾಲಾ ಕಣ್ಣರಳಿಸಿ ಕೇಳಿದಳು. ಆಮೇಲೆ ನಕ್ಕಳು.

“ಹುಚ್ಚಿ. ಹಾಡು ಚಂದ ಇದ್ವು ಬೇ. ಎರಡು ಅಷ್ಟ ಕೇಳಿದೆ, ಆಮ್ಯಾಲೆ ಬಂದ್ ಆತು.”

“ಖಾಲಾ, ವೈರಸ್ ತಂದಾಕಿ ನಾ.”

“ನೀ ಹಾಡು ತಂದೀ. ಹೊಟ್ಟೆಕಿಚ್ಚಿಗೆ ತಂದೇನು? ಬಿಡು.”

ಎರಡು ದಿನ ಓಣಿಯವರನ್ನು ಮಾತಿನಲ್ಲಿ ಸೋಲಿಸಿದವಳಿಗೆ, ನಾನೇ ತಪ್ಪಿತಸ್ಥೆ ಎಂದು ಒಬ್ಬ ಹೆಂಗಸನ್ನು ಒಪ್ಪಿಸಲಾಗಲಿಲ್ಲ. ಆ ಸ್ಥಿತಿ ನನಗೆ ಹಿತವಾಗಿಯೇ ಇತ್ತು. ಹಿತದ ಗುಂಗಿನಲ್ಲಿ ಇನ್ನೊಂದನ್ನೂ ಹೇಳಿದೆ.

“ಇನ್ನ ಚಿಂತಿ ಇಲ್ಲ ಖಾಲಾ. ಈ ಕಂಪ್ಯೂಟರ್ ಸುಟ್ರೂ ಚಿಂತಿ ಇಲ್ಲ. ಎಲ್ಲಾದರದೂ ಒಂದು ಕಾಪಿ ನನ್ನ ಗೆಳತಿ ಕಡೆ ಇಟ್ಟು ಬಂದೀನಿ.”

ಖಾಲಾ ಮೌಸ್ ಮೇಲಿನ ಕೈ ತೆಗೆದಳು.

“ಎಲ್ಲಾದರದು ಅಂದ್ರ?”

“ಎಲ್ಲಾದೂ. ಒಂದೂ ಬಿಟ್ಟಿಲ್ಲ.”

“ಅಳತಿ ಇದ್ದಾವಲ್ಲ ಅದರಾಗ.”

“ಅವೂ ಸೇಫ್ ಅದಾವ.”

“ಯಾರ ಮನ್ಯಾಗ?”

ಆ ಪ್ರಶ್ನೆ ಕೇಳಿದ ಮೇಲೂ ನಾನು ಎರಡು ನಿಮಿಷ ವಾದ ಮಾಡಿದೆ, ನಾಚಿಕೆಯಾಗುತ್ತದೆ. ಒಂದೇ ಕಾಪಿ ಇರುವುದು ಎಂಥ ಅಪಾಯ, ತಿಳಿದವರೆಲ್ಲ ಏನು ಮಾಡುತ್ತಾರೆ, ನಾಳೆ ಕರೆಂಟು ಹೆಚ್ಚುಕಡಿಮೆಯಾಗಿ ಇದು ಸುಟ್ಟುಹೋದರೆ ಗತಿ ಏನು.

“ಸುಡ್ಲಿ,” ಅಂದಳು ಖಾಲಾ. “ಸುಟ್ರ ನಂದು ಹೋಗ್ತೈತಿ. ಇವು ನನ್ನವಲ್ಲ ಬೇಟಿ. ಅವರು ಮೈ ಬಿಟ್ಟು ನಿಂತು ಅಳತಿ ಕೊಟ್ಟಾರ, ನನ್ನ ಮಾತಿನ ಮ್ಯಾಲೆ.”

ಸಿಂಧನೂರಿನ ಹ್ಯಾಕರ್ ಯಾವತ್ತೂ ಈ ಕೋಣೆಗೆ ಬಂದಿರಲಿಲ್ಲ. ವೈರಸ್ ಬಂದಿತ್ತು, ಅದೂ ಬರೀ ಬಚ್ಚಿಟ್ಟಿತ್ತು, ಒಂದನ್ನೂ ಹೊರಗೆ ಒಯ್ದಿರಲಿಲ್ಲ. ಹೊರಗೆ ಒಯ್ದವಳು ನಾನು.

ಅಲ್ಲೇ ನಿಂತು ಗೆಳತಿಗೆ ಫೋನ್ ಮಾಡಿದೆ. ಅವಳು ವಾದ ಮಾಡದೆ, “ಅಷ್ಟ ಏನು, ಅಳಸ್ತೀನಿ ತಗೋ,” ಅಂದಳು. ಹತ್ತು ನಿಮಿಷದಲ್ಲಿ ಪರದೆಯ ಫೋಟೋ ಕಳಿಸಿದಳು: ಬಿಳಿ ಕಿಟಕಿ, ಒಳಗೆ ಏನೂ ಇಲ್ಲ. ಹೆಮ್ಮೆಯಿಂದ ಖಾಲಾಗೆ ತೋರಿಸಿದೆ. ಆಕೆ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

“ನಿನ್ನಿ ನಮಗೂ ಏನೂ ಇಲ್ಲ ಅಂತ ಕಂಡಿತ್ತು. ನೀನ ಹೇಳಿದಿ, ಅದಾವ, ಕಾಣವಲ್ವು ಅಷ್ಟ ಅಂತ.”

ಇದೆ ಎಂದು ತೋರಿಸುವುದು ಸುಲಭ. ಕೆಂಪು ಪಟ್ಟಿ ಸಾಕು. ಇನ್ನೊಬ್ಬರ ಮನೆಯ ಕಂಪ್ಯೂಟರಿನಲ್ಲಿ ಏನೂ ಇಲ್ಲ ಎಂದು ನಾನು ಮಸ್ಕಿಯಲ್ಲಿ ನಿಂತು ಹೇಗೆ ತೋರಿಸಲಿ? ಎಲ್ಲರ ಮಾತಿಗೂ ಪುರಾವೆ ಕೇಳಿಕೊಂಡು ತಿರುಗುವವಳಿಗೆ, ನನ್ನ ಗೆಳತಿಯನ್ನು ನಂಬು ಎಂದು ಬೇಡಿಕೊಳ್ಳುವುದೊಂದೇ ಉಳಿದಿತ್ತು.

ಭಾನುವಾರ ಬಳಗಾನೂರಿನ ಹುಡುಗಿ ತಾಯಿಯ ಜೊತೆ ಬಂದಳು. ಗೋಡೆಯ ಈಚೆ ನಾನು ಅಕ್ಕಿ ಆರಿಸುತ್ತ ಕೂತಿದ್ದೆ, ನಿಜ ಹೇಳಬೇಕೆಂದರೆ ಆರಿಸುವ ನೆವದಲ್ಲಿ. ಗೋರಂಟಿ ಎಲೆಯ ಡಿಸೈನು ನೋಡಿ ಹುಡುಗಿ ಕುಣಿದಾಡಿದ್ದು ಕೇಳಿಸಿತು. ಪರದೆ ಎಳೆದ ಸದ್ದೂ ಕೇಳಿಸಿತು. ಆಮೇಲೆ ಬರಬೇಕಾಗಿದ್ದ ಮಾತು ಬರಲಿಲ್ಲ. ಟೇಪಿನ ಸದ್ದು, ಖಾಲಾ ಮೆಲ್ಲಗೆ ಅಂಕಿ ಹೇಳಿಕೊಳ್ಳುವುದು, ಪೆನ್ಸಿಲು. ಹುಡುಗಿಯ ತಾಯಿಯೇ ಕೇಳಿದಳು.

“ಅಳತಿ ಹೊರಗ ಹೋಗಂಗಿಲ್ಲ ಅಂತ ನಮ್ಮ ಬೀಗರು ಹೇಳಿದ್ರು. ಹೌದಲ್ರಿ?”

“ಇವತ್ತಿಂದ ಹೋಗಂಗಿಲ್ರಿ,” ಅಂದಳು ಖಾಲಾ.

ಆ ತಾಯಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ನನ್ನ ಕೈಯಲ್ಲಿದ್ದ ಅಕ್ಕಿ ಮೊರದಲ್ಲೇ ಉಳಿಯಿತು.

ಅವರು ಹೋದ ಮೇಲೆ ಗೋಡೆಯನ್ನು ಒಂದು ಸಲ ಬಡಿದ ಸದ್ದಾಯಿತು. ಹೋದೆ. ಖಾಲಾ ಹುಡುಗಿಯ ಅಳತೆಯನ್ನು ಕಂಪ್ಯೂಟರಿಗೆ ಹಾಕಿರಲಿಲ್ಲ; ಚೀಟಿಯನ್ನು ಮಡಚಿ ಸೂಜಿಗಳ ಡಬ್ಬಿಯಲ್ಲಿ ಇಡುತ್ತಿದ್ದಳು. ಸಿಟ್ಟಿನಲ್ಲಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಎದುರಾಡಲು ಏನಾದರೂ ಸಿಗುತ್ತಿತ್ತು.

“ನಿನ್ನ ಗೆಳತಿನ್ನ ಒಂದು ಮಾತು ಕೇಳು,” ಅಂದಳು. “ಅಳಿಸ್ಯಾಳೋ ಇಲ್ಲೋ ಅಂತ ಅಲ್ಲ. ಅಳಿಸ್ಯಾಳ ಅಂತ ನಂಬ್ತೀನಿ, ಆತಿಲ್ಲೋ? ಅಕಿ ನೋಡಿಲ್ಲ ಅಂದ್ರ ನಾ ಯಾರಿಗೂ ಏನೂ ಹೇಳಂಗಿಲ್ಲ, ಮಾತು ಇಲ್ಲಿಗೇ ಮುಗೀತು. ನೋಡ್ಯಾಳ ಅಂದ್ರ, ನಾನ ಒಬ್ಬೊಬ್ಬರ ಮನಿಗೆ ಹೋಗಿ ಹೇಳಿ ಬರಬೇಕಾಗ್ತೈತಿ.”

“ಎಲ್ಲಾರ ಮನಿಗೂ?”

“ಎಲ್ಲಾರ ಮನಿಗೂ. ಲಿಂಗಸುಗೂರಿನ ಹುಡುಗ್ಯಾರೂ ಇದ್ದಾರ ಬೇ ಅದರಾಗ. ಅಕಿ ಓಣ್ಯಾಗಿನವರೇ ಇರಬಹುದು.”

ಮನೆಗೆ ಬಂದು ಕೂತು ಬರೆದೆ. ಒಂದು ಸಲ ಚರ್ಚೆಯ ಧಾಟಿಯಲ್ಲಿ ಬರೆದು ಅಳಿಸಿದೆ. ಇನ್ನೊಂದು ಸಲ ನಗೆಯಾಡಿದಂತೆ ಬರೆದು ಅದನ್ನೂ ಅಳಿಸಿದೆ. ಕೊನೆಗೆ ಒಂದೇ ಸಾಲು ಕಳಿಸಿದೆ. ಎರಡು ಗುರುತು ಬಿತ್ತು, ನೀಲಿಯಾಯಿತು. ಬರೆಯುತ್ತಿದ್ದಾಳೆ ಎಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು, ನಿಂತಿತು. ನಾನು ಬಾಯಿ ತೆರೆಯುವ ಮೊದಲೇ ಉತ್ತರ ಹೊಡೆಯುತ್ತಿದ್ದವಳು ಸೋಮವಾರವೂ ಏನೂ ಹೇಳಲಿಲ್ಲ, ಮಂಗಳವಾರವೂ ಇಲ್ಲ. ಗೋಡೆಯ ಆಚೆ ಖಾಲಾ ಹೊರಗೆ ಹೋಗುವ ಬುರ್ಖಾ ಒಗೆದು ಒಣಗಹಾಕಿದ್ದಾಳೆ. ನಾನು ಅದೇ ಸಾಲನ್ನು ಮತ್ತೆ ಕಳಿಸಿದ್ದೇನೆ:

“ಅಳಿಸೂಕ್ಕಿಂತ ಮೊದಲು ನೀ ಅವನ್ನ ತೆಗೆದು ನೋಡಿದ್ದೇನು?”